ಹಳೆಯ ತಾಂತ್ರಿಕ ಪತ್ರಿಕೆಗಳ ಎಂಜಿನಿಯರಿಂಗ್ ನಕ್ಷೆಗಳು: ಸಂಪುಟ ಬಿಡಿಸಬೇಕೇ, ಹಾಗೆಯೇ ಉಳಿಸಬೇಕೇ?

ಪ್ರಶ್ನೆ: ನಾನು ಕೋಲಾರದಲ್ಲಿ ಲೇತ್ ವರ್ಕ್‌ಶಾಪ್ ನಡೆಸುತ್ತೇನೆ. ನಮ್ಮ ತಾತ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ಈಚೆಗೆ ರಾಬರ್ಟ್‌ಸನ್‌ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ ಲಂಡನ್ನಿನ ‘ದಿ ಎಂಜಿನಿಯರ್’ ವಾರಪತ್ರಿಕೆಯ 1890ರ ದಶಕದ ಎರಡು ಬೈಂಡ್ ಸಂಪುಟಗಳು ಸಿಕ್ಕವು. ಒಂದು ಗಟ್ಟಿಯಾಗಿದೆ, ಇನ್ನೊಂದರ ಹೊಲಿಗೆ ಬಿಚ್ಚಿದೆ. ಬೆಂಗಳೂರಿನ ವ್ಯಾಪಾರಿಯೊಬ್ಬರು ನಕ್ಷೆಗಳಿರುವ ಹಾಳೆಗಳನ್ನು ಬಿಡಿಸಿ ಕೊಟ್ಟರೆ ಒಂದೊಂದಕ್ಕೂ ಬೆಲೆ ಕೊಡುವುದಾಗಿ ಹೇಳುತ್ತಾರೆ. ತಮ್ಮ ಬಳಿಯ ಬಿಡಿ ಹಾಳೆಗಳನ್ನು ನನಗೆ ಮಾರಲೂ ಸಿದ್ಧರಿದ್ದಾರೆ. ಬಿಡಿಸುವುದು ಸರಿಯೇ? ಬಿಡಿ ಹಾಳೆ ಅಸಲಿ ಎಂದು ತಿಳಿಯುವುದು ಹೇಗೆ? ತಾತನ ಟ್ರಂಕಿನಲ್ಲಿ ನೀಲಿ ಬಣ್ಣದ ನಕ್ಷೆಯ ಸುರುಳಿಯೂ ಒಂದಿದೆ. ಇವನ್ನೆಲ್ಲ ಹೇಗೆ ಕಾಪಾಡಬೇಕು?

ಉತ್ತರ: ಗಟ್ಟಿಯಾಗಿರುವ ಸಂಪುಟವನ್ನು ದಯವಿಟ್ಟು ಬಿಡಿಸಬೇಡಿ. ಹೊಲಿಗೆ ಬಿಚ್ಚಿದ ಸಂಪುಟದ ಹಾಳೆಗಳನ್ನೂ ಸದ್ಯಕ್ಕೆ ಒಂದರಿಂದ ಒಂದನ್ನು ಬೇರೆ ಮಾಡಬೇಡಿ. ವ್ಯಾಪಾರಿಗೆ ಉತ್ತರ ಕೊಡುವ ಮೊದಲು ನಿಮ್ಮ ಕೈಯಲ್ಲಿ ಏನಿದೆ ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ತುಮಕೂರಿನಲ್ಲಿ 30 ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವನು, ಅದಕ್ಕಿಂತ ಸ್ವಲ್ಪ ಕಡಿಮೆ ಕಾಲದಿಂದ ಇಂಥ ಹಾಳೆಗಳನ್ನು ಕೂಡಿಡುತ್ತಿರುವವನು. ಈ ಕೆಲಸದಲ್ಲಿ ನಾನು ನೋಡಿದ ದೊಡ್ಡ ನಷ್ಟವೆಲ್ಲ ಆಗಿರುವುದು ನಕ್ಷೆಯನ್ನು ಅದರ ಲೇಖನದಿಂದ ಬೇರ್ಪಡಿಸಿದ್ದರಿಂದಲೇ. ಗೆದ್ದಲು ಮತ್ತು ಮಳೆನೀರಿನ ಹಾನಿ ಅದರ ನಂತರದ್ದು.

‘ದಿ ಎಂಜಿನಿಯರ್’ 1856ರಲ್ಲಿ ಆರಂಭವಾಯಿತು, ಅದರ ಪ್ರತಿಸ್ಪರ್ಧಿಯಾದ ‘ಎಂಜಿನಿಯರಿಂಗ್’ 1866ರಲ್ಲಿ. ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ 1845ರದು, ‘ಅಮೆರಿಕನ್ ಮೆಷಿನಿಸ್ಟ್’ 1877ರದು. ನಮ್ಮ ದೇಶದಲ್ಲಿಯೂ ರೂರ್ಕಿಯ ಥಾಮಸನ್ ಕಾಲೇಜಿನಿಂದ 1860ರ ದಶಕದಲ್ಲಿ ನಾಲೆ, ಸೇತುವೆ, ಕಟ್ಟೆಗಳ ಬಗ್ಗೆ ನಕ್ಷೆಸಹಿತ ಪ್ರಬಂಧಮಾಲೆ ಹೊರಡುತ್ತಿತ್ತು. ಆ ಕಾಲದಲ್ಲಿ ದೂರದ ಊರಿನ ಎಂಜಿನಿಯರನಿಗೆ ಹೊಸ ಯಂತ್ರವೊಂದರ ಒಳಗನ್ನು ನೋಡಲು ಈ ಪತ್ರಿಕೆಗಳನ್ನು ಬಿಟ್ಟರೆ ಹೆಚ್ಚಿನ ದಾರಿಯಿರಲಿಲ್ಲ. ಹಾಗಾಗಿ ಹಾಳೆಯಲ್ಲಿ ಅಂದವಾದ ಚಿತ್ರವಿದ್ದರೆ, ಹಿಂದಿನ ಅಥವಾ ಮುಂದಿನ ಪುಟದಲ್ಲಿ ಸಿಲಿಂಡರಿನ ವ್ಯಾಸವೆಷ್ಟು, ಹಬೆಯ ಒತ್ತಡವೆಷ್ಟು, ಯಂತ್ರ ಯಾವ ಊರಿಗೆ ಹೋಯಿತು, ‘ಎ’, ‘ಬಿ’ ಎಂದು ಗುರುತು ಮಾಡಿದ ಭಾಗಗಳು ಯಾವುವು ಎಂಬ ವಿವರವಿರುತ್ತದೆ. ಹಾಳೆಯನ್ನು ಬಿಡಿಸಿ ಚೌಕಟ್ಟು ಹಾಕಿಸಿದ ದಿನವೇ ‘ಎ’ ಮತ್ತು ‘ಬಿ’ ಎಂಬ ಅಕ್ಷರಗಳು ಅರ್ಥ ಕಳೆದುಕೊಳ್ಳುತ್ತವೆ.

ಇಂಥ ಬಿಡಿ ಹಾಳೆಯೊಂದು ನನ್ನಲ್ಲಿದೆ. ಗಣಿಯ ಬಾವಿಯಿಂದ ಬೋನನ್ನು, ಅಂದರೆ ಜನರನ್ನೂ ಅದಿರನ್ನೂ ಸಾಗಿಸುವ ಪಂಜರದಂಥ ತೊಟ್ಟಿಲನ್ನು, ಮೇಲೆಳೆಯುವ ವೈಂಡಿಂಗ್ ಎಂಜಿನ್ನಿನ ಪಾರ್ಶ್ವನೋಟ ಅದು. ಹಗ್ಗ ಸುತ್ತುವ ಡ್ರಮ್ ಎರಡು ಕಡೆಗೂ ಇಳಿಜಾರಾಗಿ ಶಂಕುವಿನ ಆಕಾರದಲ್ಲಿದೆ. ಬೋನು ತಳದಲ್ಲಿದ್ದಾಗ ಉದ್ದ ಹಗ್ಗದ ಭಾರವೂ ಸೇರಿ ಎಳೆತ ಹೆಚ್ಚಾಗಿರುವುದರಿಂದ ಆಗ ಹಗ್ಗ ಚಿಕ್ಕ ವ್ಯಾಸದ ಮೇಲೆ ಸುತ್ತಿಕೊಳ್ಳಬೇಕು, ಬೋನು ಮೇಲೆ ಬಂದಂತೆ ದೊಡ್ಡ ವ್ಯಾಸಕ್ಕೆ ಸರಿಯಬೇಕು ಎಂಬುದು ಆ ಆಕಾರದ ಕಾರಣ. ಅಷ್ಟನ್ನು ನಕ್ಷೆ ನೋಡಿಯೇ ಹೇಳಬಹುದು. ಆದರೆ ಯಂತ್ರ ಯಾವ ಗಣಿಗೆ ಹೋಯಿತು, ಎಷ್ಟು ಆಳದಿಂದ ಎಳೆಯುತ್ತಿತ್ತು ಎಂಬುದು ಪಕ್ಕದ ಪುಟದಲ್ಲಿತ್ತು. ಮಾರಿದವರು ಆ ಪುಟವನ್ನು ‘ಬರೀ ಅಕ್ಷರ’ ಎಂದು ರದ್ದಿಗೆ ಹಾಕಿದ್ದರು. ಹಾಳೆಯ ತಲೆಯಲ್ಲಿದ್ದ ದಿನಾಂಕವನ್ನೂ ಚೌಕಟ್ಟಿನ ಅಳತೆಗೆ ಹೊಂದಿಸಲು ಕತ್ತರಿಸಿಬಿಟ್ಟಿದ್ದರು. ಅದನ್ನು ಕಂಡಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಸಂಪುಟವನ್ನು ಪರೀಕ್ಷಿಸುವಾಗ ಮೊದಲು ವಿಷಯಸೂಚಿ ನೋಡಿ. ಈ ಪತ್ರಿಕೆಯ ಸಂಪುಟಗಳು ವರ್ಷಕ್ಕೆ ಎರಡು, ಜನವರಿಯಿಂದ ಜೂನ್‌ವರೆಗೆ ಒಂದು, ಜುಲೈಯಿಂದ ಡಿಸೆಂಬರ್‌ವರೆಗೆ ಇನ್ನೊಂದು. ಪ್ರತಿಯೊಂದಕ್ಕೂ ಸೂಚಿ ಇರುತ್ತದೆ. ಅದರಲ್ಲಿ ಗಣಿ, ಪಂಪು, ಭಾರತ, ಮೈಸೂರು, ಕೋಲಾರ ಎಂಬ ಶೀರ್ಷಿಕೆಗಳಿವೆಯೇ ಎಂದು ಹುಡುಕಿ. ಆಮೇಲೆ ಮಡಿಚಿ ಸೇರಿಸಿದ ದೊಡ್ಡ ಪುರವಣಿ ನಕ್ಷೆಗಳು ಉಳಿದಿವೆಯೇ ನೋಡಿ, ಏಕೆಂದರೆ ಹಿಂದಿನವರು ಮೊದಲು ಕಿತ್ತುಕೊಂಡಿರುವುದು ಅವನ್ನೇ. ಜಾಹೀರಾತಿನ ಹಾಳೆಗಳನ್ನು ಬೈಂಡ್ ಮಾಡುವವರು ಸಾಮಾನ್ಯವಾಗಿ ತೆಗೆದುಹಾಕುತ್ತಿದ್ದರು; ನಿಮ್ಮದರಲ್ಲಿ ಅವು ಉಳಿದಿದ್ದರೆ ನಕ್ಷೆಗಳಷ್ಟೇ ಜೋಪಾನ ಮಾಡಿ. ಯಾವ ಕಾರ್ಖಾನೆ ಯಾವ ಪಂಪನ್ನು, ಯಾವ ಲೇತನ್ನು ಮಾರುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ಇನ್ನು ವ್ಯಾಪಾರಿ ತೋರಿಸಿದ ಬಿಡಿ ಹಾಳೆಗಳ ವಿಚಾರ. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಬಗೆಯ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯೊಂದನ್ನು ಕೊಂಡುಕೊಳ್ಳಿ. ಅದರಡಿಯಲ್ಲಿ ಗೆರೆ ಹೇಗೆ ಕಾಣುತ್ತದೆ ಎಂಬುದರಿಂದಲೇ ಮುಕ್ಕಾಲು ಉತ್ತರ ಸಿಗುತ್ತದೆ.

ಆ ಕಾಲದ ಪತ್ರಿಕೆಗಳ ಬಹುಪಾಲು ಚಿತ್ರಗಳು ಮರದ ಅಚ್ಚಿನವು. ಬಾಕ್ಸ್‌ವುಡ್ ಎಂಬ ಬಹಳ ಗಟ್ಟಿಯಾದ ಮರವನ್ನು ಅಡ್ಡಕ್ಕೆ ಕೊಯ್ದು, ಆ ಅಡ್ಡ ಕೊಯ್ತದ ಮುಖವನ್ನು ನುಣುಪು ಮಾಡಿ, ಅದರ ಮೇಲೆ ಸಣ್ಣ ಉಳಿಯಿಂದ ಬಿಳಿ ಉಳಿಯಬೇಕಾದ ಭಾಗವನ್ನು ಕೆತ್ತಿ ತೆಗೆಯುತ್ತಿದ್ದರು. ಉಬ್ಬಿ ನಿಂತ ಭಾಗಕ್ಕೆ ಶಾಯಿ ಹಿಡಿಯುತ್ತಿತ್ತು. ಹೀಗಾಗಿ ಗೆರೆ ಒಂದು ಕಡೆ ದಪ್ಪಗಾಗಿ ಇನ್ನೊಂದು ಕಡೆ ಕೂದಲಿನಂತೆ ಸಣ್ಣಗಾಗುತ್ತದೆ. ಗೆರೆಯ ಅಂಚಿನಲ್ಲಿ ಶಾಯಿ ಒತ್ತಿ ಹೊರಚೆಲ್ಲಿದ ಸಣ್ಣ ಕಪ್ಪು ಏರಿ ಕಾಣುತ್ತದೆ. ಹಾಳೆಯ ಬೆನ್ನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಚ್ಚು ಒತ್ತಿದ ಗುರುತೂ ಸಿಗಬಹುದು. ಬಾಕ್ಸ್‌ವುಡ್ ಮರದ ಕಾಂಡ ಸಣ್ಣದು. ಅದರಿಂದ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ನಾನು ಹೇಳಿದ ವೈಂಡಿಂಗ್ ಎಂಜಿನ್ನಿನ ಹಾಳೆಯಲ್ಲಿ ಫ್ಲೈವೀಲಿನ ಅರಗಳನ್ನು ಸೀಳಿಕೊಂಡು ಮೇಲಿಂದ ಕೆಳಗಿನವರೆಗೆ ನೇರವಾದ ಒಂದು ಬಿಳಿ ಎಳೆ ಹೋಗಿದೆ. ಬರಿಗಣ್ಣಿಗೆ ಹೊಳೆಯುವುದೇ ಇಲ್ಲ. ಭೂತಗನ್ನಡಿ ಇಟ್ಟಾಗ, ಎರಡು ಮರದ ತುಂಡುಗಳು ಒಂದಕ್ಕೊಂದು ಸೇರಿದ ಜಾಗವದು ಎಂದು ತಿಳಿಯುತ್ತದೆ. ಅರದ ಗೆರೆ ಆ ಎಳೆಯ ಎಡಗಡೆ ನಿಂತು, ಬಲಗಡೆ ಒಂದು ಕೂದಲೆಳೆಯಷ್ಟು ಕೆಳಗೆ ಮತ್ತೆ ಶುರುವಾಗಿದೆ. ಅಸಲಿ ಹಾಳೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕೇಳುವುದಿಲ್ಲ. ಆದರೆ ಅದರ ಫೋಟೊ ತೆಗೆದು ಮುದ್ರಿಸಿದ ನಕಲಿನಲ್ಲೂ ಆ ಎಳೆ ಬಂದಿರುತ್ತದೆಯಾದ್ದರಿಂದ ಗೆರೆಯ ಅಂಚನ್ನೂ ನೋಡಲೇಬೇಕು.

ತಾಮ್ರ ಅಥವಾ ಉಕ್ಕಿನ ತಗಡಿನ ಮೇಲೆ ಕೊರೆದು ಮುದ್ರಿಸಿದ ಹಾಳೆಯಲ್ಲಿ ಶಾಯಿ ಕಾಗದದ ಮೇಲೆ ಉಬ್ಬಿ ನಿಂತಿರುತ್ತದೆ, ಬೆರಳ ತುದಿಗೆ ತಗಲುತ್ತದೆ. ಸುತ್ತಲೂ ತಗಡಿನ ಅಂಚು ಒತ್ತಿದ ಗುರುತು ಕತ್ತರಿಗೆ ಸಿಕ್ಕದೆ ಉಳಿದಿದ್ದರೆ ಇನ್ನೂ ಒಳ್ಳೆಯದು. ಕಲ್ಲಚ್ಚಿನ, ಅಂದರೆ ನುಣುಪಾದ ಕಲ್ಲಿನ ಮೇಲೆ ಬರೆದು ಮುದ್ರಿಸಿದ (ಲಿಥೊ) ಹಾಳೆಯ ಗೆರೆ ಸಮತಟ್ಟಾಗಿರುತ್ತದೆ, ಉಬ್ಬೂ ಇಲ್ಲ ತಗ್ಗೂ ಇಲ್ಲ. ನಿಮ್ಮ 1890ರ ದಶಕದ ಸಂಪುಟದಲ್ಲಿ ಫೋಟೊಗಳನ್ನು ಸಣ್ಣ ಸಣ್ಣ ಕಪ್ಪು ಚುಕ್ಕೆಗಳ ಸಾಲಾಗಿ ಅಚ್ಚು ಮಾಡಿದ ಹಾಫ್‌ಟೋನ್ ಚಿತ್ರಗಳೂ ಇರಬಹುದು, ಅದು ಆ ಕಾಲಕ್ಕೆ ಹೊಂದುವಂಥದ್ದೇ. ಆದರೆ ಕಪ್ಪು-ಬಿಳುಪು ಎಂದು ಮಾರುತ್ತಿರುವ ಹಾಳೆಯ ಹಳದಿ ನೆಲದಲ್ಲಿ ನೀಲಿ, ಗುಲಾಬಿ, ಹಳದಿ ಚುಕ್ಕೆಗಳು ಹೂವಿನ ಎಸಳಿನಂತೆ ಗುಂಪಾಗಿ ಕಂಡರೆ ಅದು ಈಚಿನ ಆಫ್‌ಸೆಟ್ ಮುದ್ರಣ. ಗೆರೆಯ ಸುತ್ತ ಪುಡಿ ಉದುರಿದಂತೆ ಹೊಳೆಯುವ ಕಣಗಳಿದ್ದರೆ ಲೇಸರ್ ಪ್ರಿಂಟರಿನದು, ಅಡ್ಡಾದಿಡ್ಡಿ ಸಿಡಿದ ಬಣ್ಣದ ಹನಿಗಳಿದ್ದರೆ ಇಂಕ್‌ಜೆಟ್‌ನದು.

ಕಾಗದಕ್ಕೂ ಒಂದು ಪರೀಕ್ಷೆ ಇದೆ. ಖೋಟಾ ನೋಟು ನೋಡಲು ಅಂಗಡಿಯವರು ಬಳಸುವ ನೇರಳಾತೀತ ಕಿರಣದ ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಹಾಳೆಯ ಮೇಲೆ ಬಿಡಿ. ಕಾಗದವನ್ನು ಬೆಳ್ಳಗೆ ತೋರಿಸಲು ಸೇರಿಸುವ ರಾಸಾಯನಿಕ 1950ರ ಸುಮಾರಿನಿಂದ ಬಳಕೆಗೆ ಬಂದದ್ದು. ಅದಿದ್ದರೆ ಕಾಗದ ನೀಲಿ-ಬಿಳಿಯಾಗಿ ಹೊಳೆಯುತ್ತದೆ, 1890ರ ಕಾಗದ ಹಾಗೆ ಹೊಳೆಯಬಾರದು. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ, ಹಳೆಯ ಖಾಲಿ ಕಾಗದದ ಮೇಲೆ ಹೊಸದಾಗಿ ಮುದ್ರಿಸಿರಬಹುದು. ನಿಜವಾಗಿ ವಯಸ್ಸಾದ ಹಾಳೆ ಗಾಳಿ ತಾಗುವ ಅಂಚಿನಲ್ಲಿ ಹೆಚ್ಚು ಕಂದಾಗಿ ನಡುವೆ ತಿಳಿಯಾಗಿರುತ್ತದೆ. ಚಹಾ ನೀರಿನಲ್ಲಿ ಅದ್ದಿದ ಹಾಳೆ ಎಲ್ಲ ಕಡೆಯೂ ಒಂದೇ ಬಣ್ಣವಾಗಿರುತ್ತದೆ ಅಥವಾ ಕಲೆಗಟ್ಟಿರುತ್ತದೆ. ಎಡ ಅಂಚಿನಲ್ಲಿ ಹೊಲಿಗೆಯ ತೂತು, ತಲೆಯಲ್ಲಿ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆ ಇವಿಷ್ಟೂ ಇರುವ ಹಾಳೆಯನ್ನೇ ಕೊಳ್ಳಿ. ಬಣ್ಣ ಹಚ್ಚಿದ ಹಾಳೆಗೆ ಹೆಚ್ಚು ಹಣ ಕೊಡಬೇಡಿ. ಕಾರ್ಖಾನೆಯ ಕೈನಕ್ಷೆಗಳಲ್ಲಿ ಬೀಡುಕಬ್ಬಿಣಕ್ಕೆ ಬೂದು, ಮೆದುಕಬ್ಬಿಣಕ್ಕೆ ನೀಲಿ, ಹಿತ್ತಾಳೆಗೆ ಹಳದಿ, ಇಟ್ಟಿಗೆಗೆ ಕೆಂಪು ಹಚ್ಚುವ ಪದ್ಧತಿ ಇತ್ತು ನಿಜ. ಆದರೆ ಇಂಥ ವಾರಪತ್ರಿಕೆಯ ಅಚ್ಚಿನ ಚಿತ್ರ ಕಪ್ಪು ಶಾಯಿಯದು, ಅದರ ಮೇಲಿನ ಬಣ್ಣ ಸಾಮಾನ್ಯವಾಗಿ ಮಾರಾಟಕ್ಕಾಗಿ ಆಮೇಲೆ ಬಂದದ್ದು. ಹಿತ್ತಾಳೆಯ ಬೇರಿಂಗಿಗೆ ನೀಲಿ ಹಚ್ಚಿದ್ದರಂತೂ ಹಚ್ಚಿದವರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ ಎಂದೇ ಅರ್ಥ.

ನೀವು ಲೇತ್ ಕೆಲಸ ಬಲ್ಲವರು, ನಕ್ಷೆ ಓದುವುದು ನಿಮಗೆ ಹೊಸದಲ್ಲ. ಎರಡು ವಿಷಯ ಮಾತ್ರ ಗಮನದಲ್ಲಿರಲಿ. ಬ್ರಿಟನ್ನಿನ ಹಳೆಯ ನಕ್ಷೆಗಳು ಹೆಚ್ಚಾಗಿ ಫಸ್ಟ್ ಆ್ಯಂಗಲ್ ಪದ್ಧತಿಯವು, ಅಂದರೆ ಮೇಲಿನಿಂದ ಕಂಡ ನೋಟವನ್ನು ಎದುರುನೋಟದ ಕೆಳಗೆ ಬರೆದಿರುತ್ತಾರೆ. ಅಮೆರಿಕದವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಥರ್ಡ್ ಆ್ಯಂಗಲ್ ಕಡೆಗೆ ತಿರುಗಿದರು, ಅದರಲ್ಲಿ ಅದೇ ನೋಟ ಮೇಲಿರುತ್ತದೆ. ಇನ್ನೊಂದು, ‘ಒಂದು ಅಂಗುಲಕ್ಕೆ ನಾಲ್ಕು ಅಡಿ’ ಎಂದು ಬರೆದಿದ್ದರೂ ಅದನ್ನು ನಂಬಿ ಸ್ಕೇಲ್ ಇಟ್ಟು ಅಳೆಯಬೇಡಿ. ಪತ್ರಿಕೆಯ ಪುಟಕ್ಕೆ ಹೊಂದಿಸಲು ನಕ್ಷೆಯನ್ನು ಕುಗ್ಗಿಸಿರುತ್ತಿದ್ದರು, ಕಾಗದವೂ ಕುಗ್ಗಿರುತ್ತದೆ. ಪುಟದ ಕೆಳಗೆ ಪಟ್ಟಿಯಂತೆ ಎಳೆದ ಅಳತೆಗೋಲಿದ್ದರೆ ಅದು ನಕ್ಷೆಯ ಜೊತೆಯಲ್ಲೇ ಕುಗ್ಗಿರುವುದರಿಂದ ಅದನ್ನು ನಂಬಬಹುದು. ಕೆಳಗಿನ ಮತ್ತು ಬಲಗಡೆಯ ಗೆರೆಗಳು ದಪ್ಪವಾಗಿದ್ದರೆ ಅಚ್ಚಿನ ದೋಷವೆಂದುಕೊಳ್ಳಬೇಡಿ. ಬೆಳಕು ಎಡ ಮೇಲ್ಭಾಗದಿಂದ ಬೀಳುತ್ತಿದೆ ಎಂದು ಭಾವಿಸಿ ನೆರಳಿನ ಕಡೆಯನ್ನು ದಪ್ಪ ಮಾಡುವುದು ಅಂದಿನ ರೂಢಿ, ಉಬ್ಬು-ತಗ್ಗು ಅದರಿಂದಲೇ ತಿಳಿಯುತ್ತದೆ.

ಏನನ್ನು ಕೂಡಿಸಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರೈಲ್ವೆ ಎಂಜಿನ್, ದೊಡ್ಡ ಸೇತುವೆಗಳ ಹಾಳೆಗೆ ಗೋಡೆಗೆ ಹಾಕುವವರು ಬಹಳ ಜನ, ಅದರಿಂದ ಬೆಲೆ ಹೆಚ್ಚು. ಪಂಪು, ಕವಾಟ, ಕಂಪ್ರೆಸರ್, ಅದಿರು ಕುಟ್ಟುವ ಸ್ಟಾಂಪ್ ಮಿಲ್ಲುಗಳ ಹಾಳೆಯನ್ನು ಕೇಳುವವರು ಕಡಿಮೆ. ನಿಮ್ಮ ಊರಿನ ಚರಿತ್ರೆ ಇರುವುದು ಅದರಲ್ಲೇ. ಕೆ.ಜಿ.ಎಫ್.ಗೆ ಹೋದಾಗ ಕಾಣುವ ಸೈನೈಡ್ ದಿಬ್ಬಗಳು ಏಕೆ ಹುಟ್ಟಿದವು ಎಂಬುದು, 1887ರಲ್ಲಿ ಪೇಟೆಂಟ್ ಆದ ಮೆಕಾರ್ಥರ್–ಫಾರೆಸ್ಟ್ ವಿಧಾನದ ತೊಟ್ಟಿಗಳ ನಕ್ಷೆಯನ್ನು ಒಮ್ಮೆ ನೋಡಿದರೆ ಕಣ್ಣಿಗೆ ಕಟ್ಟುತ್ತದೆ: ಕುಟ್ಟಿ ಪುಡಿಯಾದ ಅದಿರನ್ನು ತೊಟ್ಟಿಗೆ ತುಂಬಿ, ತೆಳುವಾದ ಸೈನೈಡ್ ದ್ರಾವಣ ಹರಿಸಿ, ಕರಗಿದ ಚಿನ್ನವನ್ನು ಸತುವಿನ ಮೇಲೆ ಇಳಿಸಿಕೊಂಡು, ಉಳಿದ ಮರಳನ್ನು ಹೊರಗೆ ಸುರಿಯುತ್ತಿದ್ದರು. ಹಾಗೆಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಗಣಿಗಳಿಗೆ ವಿದ್ಯುತ್ ಬಂದದ್ದು ಜಗತ್ತಿನ ಎಂಜಿನಿಯರುಗಳ ಗಮನ ಸೆಳೆದ ಕೆಲಸ; ಆ ವರ್ಷಗಳ ಸಂಪುಟ ಎಲ್ಲಿಯಾದರೂ ಕಂಡರೆ ಸೂಚಿಯನ್ನು ನೋಡದೆ ಬಿಡಬೇಡಿ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ರೂಪಿಸಿ 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ, ನೀರು ಏರಿದಾಗ ತಾವೇ ತೆರೆದುಕೊಳ್ಳುವ ಬಾಗಿಲುಗಳ ನಕ್ಷೆಯೂ ನಾನು ಬಯಸುವಂಥದ್ದು. ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ಹೆಚ್ಚಾದ ನೀರನ್ನು ತಾನಾಗಿಯೇ ಹೊರಹಾಕುವ ಸೈಫನ್‌ಗಳಿವೆ. ಅಲ್ಲಿ ನಿಂತು ನೋಡಿದರೆ ಸಿಮೆಂಟಿನ ಗೂಡುಗಳಷ್ಟೇ ಕಾಣುತ್ತವೆ. ಒಳಗಿನ ಬಾಗಿದ ದಾರಿಯನ್ನು ತಿಳಿಯಬೇಕಾದರೆ ಛೇದನೋಟದ ನಕ್ಷೆಯೇ ಬೇಕು.

ಮಾರಾಟದ ಬಗ್ಗೆ ಒಂದು ಎಚ್ಚರಿಕೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ, ವೈಜ್ಞಾನಿಕ ಅಥವಾ ಐತಿಹಾಸಿಕ ಮಹತ್ವವಿದ್ದು 75 ವರ್ಷಕ್ಕಿಂತ ಹಳೆಯದಾದ ಹಸ್ತಪ್ರತಿ, ದಾಖಲೆಗಳು ಪುರಾತನ ವಸ್ತುವಿನ ವ್ಯಾಖ್ಯೆಯೊಳಗೆ ಬರುತ್ತವೆ, ಅಂಥವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಹೊರದೇಶದ ಗಿರಾಕಿಯ ಮಾತು ಬಂದರೆ, ಅದರಲ್ಲೂ ತಾತನ ಸುರುಳಿಯ ವಿಷಯದಲ್ಲಿ, ಪುರಾತತ್ವ ಇಲಾಖೆಯನ್ನು ಕೇಳದೆ ಹೆಜ್ಜೆ ಇಡಬೇಡಿ.

ಕಾಪಾಡುವ ವಿಚಾರಕ್ಕೆ ಬರೋಣ. 1890ರ ದಶಕದ ಕಾಗದ ಬಹುಮಟ್ಟಿಗೆ ಮರದ ತಿರುಳಿನದು. ಶಾಯಿ ಹರಡದಿರಲೆಂದು ರಾಳ ಮತ್ತು ಪಟಿಕವನ್ನು ಸೇರಿಸುತ್ತಿದ್ದರು. ಪಟಿಕದಿಂದ ಹುಟ್ಟುವ ಆಮ್ಲ ಕಾಗದದ ನಾರನ್ನು ಒಳಗಿನಿಂದಲೇ ತುಂಡರಿಸುತ್ತದೆ, ಆದ್ದರಿಂದ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಮೂಲೆ ಮಡಿಚಿ ಪರೀಕ್ಷೆ ಮಾಡಬೇಡಿ. ನಾನು ಆರಂಭದ ವರ್ಷಗಳಲ್ಲಿ ಒಂದು ಒಳ್ಳೆಯ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿದೆ; ಬಿಸಿಗೆ ಕಾಗದ ಸುಕ್ಕುಗಟ್ಟಿತು, ಪ್ಲಾಸ್ಟಿಕ್ ಪದರವನ್ನು ಇನ್ನು ಎಂದಿಗೂ ಬಿಡಿಸಲಾಗದು, ಒಳಗಿನ ಆಮ್ಲವೂ ಅಲ್ಲೇ ಉಳಿಯಿತು. ಸೆಲ್ಲೋ ಟೇಪ್, ಫೆವಿಕಾಲ್, ಸ್ಟೇಪ್ಲರ್ ಪಿನ್ನು ಯಾವುದೂ ಬೇಡ. ಹರಿದದ್ದನ್ನು ಜಪಾನಿ ತೆಳುಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಸರಿಪಡಿಸುತ್ತಾರೆ, ಅದನ್ನು ಕಾಗದ ಸಂರಕ್ಷಣೆ ಕಲಿತವರ ಕೈಗೇ ಬಿಡಿ. ಮನೆಯ ಮೈದಾ ಅಂಟಿಗೆ ಹುಳು ಬರುತ್ತದೆ.

ಹೊಲಿಗೆ ಬಿಚ್ಚಿದ ಸಂಪುಟವನ್ನು ಈಗಿರುವ ಕ್ರಮದಲ್ಲೇ, ರಟ್ಟಿನ ಸಮೇತ, ಆಮ್ಲರಹಿತ ಕಾಗದದಲ್ಲಿ ಸುತ್ತಿ, ಹತ್ತಿಯ ನವಾರಿನಿಂದ ಸಡಿಲವಾಗಿ ಕಟ್ಟಿ ಮಲಗಿಸಿಡಿ. ಅದಕ್ಕೆ ಮೊದಲು ಕಿಟಕಿಯ ಹದವಾದ ಬೆಳಕಿನಲ್ಲಿ ಪ್ರತಿ ಪುಟದ ಫೋಟೊ ತೆಗೆಯಿರಿ, ಅಕ್ಷರದ ಪುಟಗಳನ್ನೂ ಬಿಡದೆ, ಪಕ್ಕದಲ್ಲಿ ಒಂದು ಉಕ್ಕಿನ ಸ್ಕೇಲ್ ಇಟ್ಟು. ಗಟ್ಟಿ ಸಂಪುಟವನ್ನು ಸ್ಕ್ಯಾನರ್ ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿಯುತ್ತದೆ. ಎರಡು ರಟ್ಟುಗಳ ಕೆಳಗೆ ಒಂದೊಂದು ದಿಂಬು ಇಟ್ಟು, ಪುಸ್ತಕ ಅರ್ಧ ತೆರೆದಂತೆ ನಿಲ್ಲಿಸಿ, ಮೇಲಿನಿಂದ ಫೋಟೊ ತೆಗೆದರೆ ಸಾಕು. ಗೋಡೆಗೆ ಹಾಕುವ ಆಸೆಯಿದ್ದರೆ ಈ ಫೋಟೊದ ಮುದ್ರಿತ ಪ್ರತಿಗೆ ಚೌಕಟ್ಟು ಹಾಕಿಸಿ. ನೂರಿಪ್ಪತ್ತು ವರ್ಷಕ್ಕೂ ಹಿಂದಿನ, ಬರೆದವರ ಹೆಸರಿಲ್ಲದ ನಕ್ಷೆಗಳಿಗೆ ಈಗ ಕೃತಿಸ್ವಾಮ್ಯದ ಅಡ್ಡಿ ಇಲ್ಲ. ನಿಮ್ಮ ಸಂಪುಟದಲ್ಲಿ ಪುಟ ಕಳೆದಿದ್ದರೆ ಬ್ರಿಟನ್ನಿನ ‘ಗ್ರೇಸಸ್ ಗೈಡ್’ ಜಾಲತಾಣದಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳಿವೆ, ಹೋಲಿಸಿ ನೋಡಬಹುದು.

ಕೊನೆಗೆ ನೀಲಿ ಸುರುಳಿ, ನನ್ನ ದೃಷ್ಟಿಯಲ್ಲಿ ನಿಮ್ಮ ಬಳಿ ಇರುವುದರಲ್ಲೆಲ್ಲ ಅಮೂಲ್ಯವಾದದ್ದು. ಸಂಪುಟದ ಪ್ರತಿಗಳು ಲೋಕದಲ್ಲಿ ಹಲವಾರಿವೆ, ಇದು ಒಂದೇ ಇರಬಹುದು. ನೀಲಿ ನೆಲದಲ್ಲಿ ಬಿಳಿ ಗೆರೆಗಳಿದ್ದರೆ ಅದು ಬ್ಲೂಪ್ರಿಂಟ್, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ. ಕಬ್ಬಿಣದ ಲವಣ ಹಚ್ಚಿದ ಕಾಗದದ ಮೇಲೆ ಪಾರದರ್ಶಕ ನಕ್ಷೆಯನ್ನಿಟ್ಟು ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದ ಭಾಗ ನೀಲಿಯಾಗುತ್ತದೆ. ಈ ನೀಲಿಗೆ ಬೆಳಕು ಆಗದು, ಕ್ಷಾರವಂತೂ ಆಗಲೇ ಆಗದು. ಸುಣ್ಣ ಬಳಿದ ಗೋಡೆಗೆ ಒರಗಿಸಬೇಡಿ, ಸೋಪಿನ ಕೈಯಲ್ಲಿ ಮುಟ್ಟಬೇಡಿ. ಬೇರೆ ಹಾಳೆಗಳಿಗೆ ಒಳ್ಳೆಯದಾದ, ಸುಣ್ಣದ ಅಂಶ ಸೇರಿಸಿದ ಸಂರಕ್ಷಣಾ ಕಾಗದದಲ್ಲೂ ಇದನ್ನು ಸುತ್ತಬೇಡಿ. ಆ ಅಂಶವಿಲ್ಲದ ಆಮ್ಲರಹಿತ ಕಾಗದವನ್ನೇ ಕೇಳಿ ತರಿಸಿ. ಬಿಳಿ ನೆಲದಲ್ಲಿ ನೀಲಿ ಗೆರೆಯಿರುವ ಅಮೋನಿಯಾ ಪ್ರಿಂಟ್‌ಗಳೂ ಟ್ರಂಕಿನಲ್ಲಿದ್ದರೆ ಅವನ್ನು ಬೇರೆ ಇಡಿ.

ಸುರುಳಿಯನ್ನು ಕೋಲಾರದ ಬೇಸಿಗೆಯ ಮಧ್ಯಾಹ್ನದಲ್ಲಿ ಬಿಚ್ಚಲು ಹೋಗಬೇಡಿ, ಒಣಗಿದ ಕಾಗದ ಸೀಳುತ್ತದೆ. ಮಳೆಗಾಲದಲ್ಲಿ, ಗಾಳಿಯಲ್ಲಿ ಸ್ವಲ್ಪ ತೇವವಿರುವ ದಿನ, ಸ್ವಚ್ಛವಾದ ದೊಡ್ಡ ಮೇಜಿನ ಮೇಲೆ ಒಂದೊಂದು ಗೇಣು ಬಿಡಿಸಿ, ಬಟ್ಟೆಯಲ್ಲಿ ಸುತ್ತಿದ ತೂಕದ ಕಲ್ಲು ಇಟ್ಟು, ಅದು ತಾನಾಗಿ ಸಡಿಲವಾಗುವವರೆಗೆ ಕಾಯಿರಿ. ಎರಡು ಮೂರು ದಿನ ಬೇಕಾದರೂ ಆಗಲಿ. ಸಾಮಾನ್ಯವಾಗಿ ಕೆಳಗಿನ ಬಲ ಮೂಲೆಯಲ್ಲಿ ಗಣಿಯ ಹೆಸರು, ಯಂತ್ರದ ಹೆಸರು, ನಕ್ಷೆಯ ಸಂಖ್ಯೆ, ದಿನಾಂಕ, ಬರೆದವರ ಮತ್ತು ಪರಿಶೀಲಿಸಿದವರ ಸಹಿಯ ಮೊದಲಕ್ಷರ ಇರುತ್ತವೆ. ಆ ಮೂಲೆಯ ಫೋಟೊ ಮತ್ತು ಅಳತೆಗಳಿರುವ ಭಾಗದ ಫೋಟೊ ತೆಗೆದು ನನಗೆ ಕಳುಹಿಸಿ. ತಾತನವರು ಯಾವ ಯಂತ್ರದ ಮೇಲೆ ಕೆಲಸ ಮಾಡಿದರು ಎಂದು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆಯಿರಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ ಉತ್ತರಿಸುತ್ತೇನೆ.